ಬೀಗವೂ ಇದೆ, ಕೀಲಿಯೂ ಇದೆ
ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಅಜ್ಜರೊಬ್ಬರು ಮೊಮ್ಮಗಳ ಹೆಸರಿನ ಠೇವಣಿ ರಸೀದಿ ತಂದರು. "ಇವಳ ಶಾಲೆಯ ಶುಲ್ಕ ಕಟ್ಟಬೇಕು, ಸ್ವಲ್ಪ ಹಣ ಬಿಡಿಸಿಕೊಡಿ" ಎಂದರು. ಲಾರಿ ಅಪಘಾತದಲ್ಲಿ ಹುಡುಗಿಯ ಅಪ್ಪ ತೀರಿಕೊಂಡಿದ್ದರು. ಅದು ಅವಳ ಪಾಲಿನ ಪರಿಹಾರ. ರಸೀದಿಯ ಮೇಲೆ ಕೆಂಪು ಶಾಯಿಯಲ್ಲಿ, "ನ್ಯಾಯಮಂಡಳಿಯ ಅನುಮತಿಯಿಲ್ಲದೆ ಕೊಡಕೂಡದು" ಎಂದಿತ್ತು. ಆಗುವುದಿಲ್ಲ ಎಂದೆ. ಅವರು ಸುಮ್ಮನೆ ಹೊರಟುಹೋದರು.

1988ರ ಮೋಟಾರು ವಾಹನ ಕಾಯ್ದೆಯಡಿ ಸಿಗುವ ಪರಿಹಾರದಲ್ಲಿ ಮಕ್ಕಳ ಪಾಲನ್ನು ನ್ಯಾಯಮಂಡಳಿ ಸಾಮಾನ್ಯವಾಗಿ 18 ವರ್ಷ ತುಂಬುವವರೆಗೆ ಬ್ಯಾಂಕಿನಲ್ಲಿ ಇಡಿಸುತ್ತದೆ. ದೊಡ್ಡವರು ಖರ್ಚು ಮಾಡಿಬಿಡಬಾರದೆಂದು ಈ ಬೀಗ. ಕೀಲಿಯೂ ಇದೆ: ಮಗುವಿನ ಓದಿಗೋ ಚಿಕಿತ್ಸೆಗೋ ಬೇಕಾದರೆ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು.

ನಾನು ನಿಯಮ ಪಾಲಿಸಿದೆ, ಸರಿ. ಆದರೆ ಅರ್ಜಿಯ ದಾರಿ ಹೇಳಲಿಲ್ಲ. ಅಜ್ಜ-ಅಜ್ಜಿಯರೇ, ಅಂದು ಅವರಿಗೆ ಹೇಳದ್ದನ್ನು ಇಂದು ನಿಮಗೆ ಹೇಳುತ್ತಿದ್ದೇನೆ.