ಹಿರಿದನ್ನು ಹಿಡಿವ ಕಿರಿದು

ಶ್ರವಣಯಂತ್ರದೊಳಗಿನ ಪುಟ್ಟ ಲಿಥಿಯಂ ಬ್ಯಾಟರಿಯು ನಡುಹಗಲಲ್ಲೇ ಬರಿದಾದರೆ, ಅದನ್ನು ನಂಬಿದವರಿಗೆ ಲೋಕವೇ ಮೂಕವಾಗುತ್ತದೆ. ಅಷ್ಟು ಕಿರಿದಾದ ಎಡೆಯಲ್ಲಿ ಹೆಚ್ಚು ವಿದ್ಯುತ್ತನ್ನು ಕೂಡಿಡುವ ಬಗೆ ಯಾವುದೆಂದು ನಾವು ವಿಚಾರಿಸೋಣ.

ಬ್ಯಾಟರಿಗೆ ವಿದ್ಯುತ್ತನ್ನು ತುಂಬುವಾಗ ಲಿಥಿಯಂ ಅಯಾನುಗಳು ಋಣಧ್ರುವವನ್ನು ಸೇರುತ್ತವೆ. ಈ ಧ್ರುವವು ಸಾಮಾನ್ಯವಾಗಿ ಗ್ರಾಫೈಟಿನದು. ಅದೇ ತೂಕದ ಸಿಲಿಕಾನ್ ಸುಮಾರು 10 ಪಟ್ಟು ಲಿಥಿಯಮನ್ನು ಹಿಡಿಯಬಲ್ಲುದು. ಆದರೆ ಆಗ ಅದರ ಗಾತ್ರವು ಮೂರು ಪಟ್ಟಿಗೂ ಮಿಗಿಲಾಗಿ ಉಬ್ಬುತ್ತದೆ, ಬರಿದಾದಾಗ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಬಿರಿದು ಪುಡಿಯಾಗುತ್ತದೆ.

2008ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಯಿ ಕುಯ್ ಮತ್ತು ಸಂಗಡಿಗರು, ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಸಿಲಿಕಾನ್ ತಂತುಗಳನ್ನು ಉಕ್ಕಿನ ತಗಡಿನ ಮೇಲೆ ಬೆಳೆಸಿದರು. ನಡುವೆ ತೆರವಿದ್ದುದರಿಂದ ತಂತುಗಳು ಉಬ್ಬಿಯೂ ಒಡೆಯಲಿಲ್ಲ. ಹೊರಮೈ ಹೆಚ್ಚಿದಷ್ಟೂ ದ್ರಾವಣದೊಡನೆ ಬೇಡದ ಕ್ರಿಯೆಗಳು ಹೆಚ್ಚುವುದೊಂದು ಕುಂದು. ಆದರೂ, ತುಂಬಿಕೊಳ್ಳುವ ವಸ್ತುವಿಗೆ ತೆರವೂ ಬೇಕೆಂಬ ಪಾಠವನ್ನು ನಾವು ಇದರಿಂದ ಕಲಿತಂತಾಯಿತು.