ಕೂಸಿಗೆ ಉಸಿರು ಬೇಕಾದ್ದು ದಾರಿಯಲ್ಲೇ!

ಇಲವಾಲ: ಹುಣಸೂರು ಕಡೆಯಿಂದ ಕೂಗುತ್ತಾ ಬರುವ ಆಂಬುಲೆನ್ಸ್‌ಗೆ ದಾರಿ ಬಿಡುವುದು ಇಲವಾಲದವರಿಗೆ ಹೊಸದೇನಲ್ಲ. ‘ಯಾರ ಮನೇದೋ ಏನೋ, ಪಾಪ’ ಅಂದು ಮತ್ತೆ ಕೆಲಸಕ್ಕೆ ತಿರುಗುತ್ತಾರೆ. ಒಳಗಿರುವುದು ಒಮ್ಮೊಮ್ಮೆ ಆಗಷ್ಟೇ ಹುಟ್ಟಿದ, ದಿನ ತುಂಬದ ಕೂಸು. ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಇಲ್ಲಿಂದ ಇನ್ನೂ 12-13 ಕಿ.ಮೀ. ಹುಣಸೂರಿನಿಂದಾದರೆ ಒಟ್ಟು 45 ಕಿ.ಮೀ. ಆಸುಪಾಸು. ಅಷ್ಟು ಹೊತ್ತು ಅದು ಉಸಿರಾಡಬೇಕಲ್ಲ!

ಇಂಥ ಕೂಸಿನ ಶ್ವಾಸಕೋಶದ ಗಾಳಿಗೂಡುಗಳು ಉಸಿರು ಬಿಟ್ಟಾಗಲೆಲ್ಲ ಮುದುಡಿ ಅಂಟಿಕೊಳ್ಳುತ್ತವೆ. ಅಂಟದಂತೆ ಕಾಯುವ ನೊರೆಯಂಥ ದ್ರವ ಇನ್ನೂ ಸಾಕಷ್ಟು ಊರಿರುವುದಿಲ್ಲ. ಪ್ರತಿ ಉಸಿರೂ ಹೊಸ ಬಲೂನು ಊದಿದಷ್ಟೇ ಕಷ್ಟ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಪ್ಯಾಟ್ರಿಕ್ ಎರಡೇ ದಿನಕ್ಕೆ ತೀರಿಕೊಂಡದ್ದು ಇದೇ ಕಾಯಿಲೆಯಿಂದ. ಅಂಥಾ ಮನೆಗೂ ಆಗ ಮದ್ದು ಸಿಗಲಿಲ್ಲ.

1971ರಲ್ಲಿ ಅದೇ ದೇಶದ ಡಾ. ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು, ಗಾಳಿಯ ಒತ್ತಡ ಬಿಡದೆ ಕೊಟ್ಟರೆ ಗೂಡುಗಳು ಮುಚ್ಚುವುದಿಲ್ಲ, ಕೂಸು ಬದುಕುತ್ತದೆ ಎಂದು ತೋರಿಸಿದರು. ಇದೇ ಸಿಪ್ಯಾಪ್. ಈಗ ಗಂಟಲೊಳಗೆ ಕೊಳವೆ ಇಳಿಸುವ ಗೋಜಿಲ್ಲ. ಮೂಗಿಗೆ ಎರಡು ಪುಟ್ಟ ನಳಿಕೆ. ಉಸಿರು ಹೊರಬರುವ ಕೊಳವೆಯ ತುದಿ ನೀರಿನ ಬಾಟ್ಲಿಯಲ್ಲಿ ಸುಮಾರು 5 ಸೆಂ.ಮೀ. ಮುಳುಗಿರಬೇಕು. ಗುಳುಗುಳು ಗುಳ್ಳೆ ಎದ್ದರೆ ಒತ್ತಡ ಇದೆ ಅಂತ ಲೆಕ್ಕ. ಬರೀ ಆಮ್ಲಜನಕ ಸುರಿದರೆ ಸಾಲದು; ಅದು ಅತಿಯಾದರೆ ಎಳೆಗಣ್ಣಿಗೇ ಕುತ್ತು.

ಆಸ್ಪತ್ರೆ ಸೇರಿದ ಮೇಲೆ ಸಿಪ್ಯಾಪ್ ಸಿಕ್ಕೀತು. ದಾರಿಯ ಗತಿ? ಇದನ್ನೇ ಯೋಚಿಸಿ ಬೆಂಗಳೂರಿನ ಕೊಯೊ ಲ್ಯಾಬ್ಸ್‌ನವರು ‘ಸಾಂಸ್’ ಎಂಬ ಯಂತ್ರ ಮಾಡಿದರು. ಕರೆಂಟು ಹೋದರೆ ಬ್ಯಾಟರಿ, ಅದೂ ಇಲ್ಲದಿದ್ದರೆ ಕೈಯಲ್ಲೇ ಒತ್ತಿ ನಡೆಸಬಹುದು. ಇದಕ್ಕಾಗಿ ಅಲ್ಲಿಯ ಇಂಜಿನಿಯರ್ ನಿತೇಶ್ ಕುಮಾರ್ ಜಾಂಗಿಡ್ ಅವರಿಗೆ 2019ರಲ್ಲಿ ಕಾಮನ್‌ವೆಲ್ತ್ ಪ್ರಶಸ್ತಿಯೂ ಬಂತು.

ಬಿರುದು ಬಂದರೆ ಸಾಕೆ? ಯಂತ್ರ ರಸ್ತೆಗೆ ಬರಬೇಕು. ಹುಣಸೂರು ರಸ್ತೆಯಲ್ಲಿ ಓಡುವ ಎಷ್ಟು ಆಂಬುಲೆನ್ಸ್‌ಗಳಲ್ಲಿ ಇಂಥ ಸಲಕರಣೆ ಇದೆ, ನಡೆಸಬಲ್ಲ ಕೈ ಎಷ್ಟಿವೆ ಎಂದು ಆರೋಗ್ಯ ಇಲಾಖೆ ಲೆಕ್ಕ ಕೊಡಲಿ.

ಮನೆಯವರೂ ನೆನಪಿಡಬೇಕು. ಕೂಸು ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ನರಳಿದರೆ, ಪಕ್ಕೆ ಒಳಕ್ಕೆ ಸೆಳೆದರೆ, ತುಟಿ ನೀಲಿಗಟ್ಟಿದರೆ ‘ನಾಳೆ ನೋಡೋಣ’ ಅನ್ನಬಾರದು. 108ಕ್ಕೆ ಫೋನ್ ಮಾಡಿ, ಬೆಚ್ಚಗೆ ಹೊದಿಸಿ ಹೊರಡಬೇಕು. ದಿನಕ್ಕೆ ಮುಂಚೆ ನೋವು ಬಂದರೆ ಬಸುರಿಯನ್ನೇ ಮೊದಲು ದೊಡ್ಡಾಸ್ಪತ್ರೆಗೆ ಸೇರಿಸುವುದು ಲೇಸು. ಅಲ್ಲಿ ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೂಸಿನ ಶ್ವಾಸಕೋಶವನ್ನು ಬಲಿಸುತ್ತದೆ.

ತಾಯಿ ಹೊಟ್ಟೆಗಿಂತ ಒಳ್ಳೆ ಆಂಬುಲೆನ್ಸ್ ಇನ್ನೂ ಯಾರೂ ಕಂಡುಹಿಡಿದಿಲ್ಲ.