ನಾಣ್ಯ ಹೊಯ್ದ ಸೂಡಿಯಲ್ಲಿ ಪ್ರವಾಸಿಯ ದುಡ್ಡು

ಸೂಡಿಯ ನಾಗಕುಂಡದ ಮೆಟ್ಟಿಲು ಇಳಿಯುತ್ತಿದ್ದಂತೆ ಹೊರಗಿನ ಬಿಸಿಲು, ಟ್ರ್ಯಾಕ್ಟರಿನ ಸದ್ದು ಎರಡೂ ಮೇಲೆಯೇ ಉಳಿದವು. ಅದು ಬಾವಿಯೆಂದು ಕೇಳಿಕೊಂಡು ಹೋದವನಿಗೆ ಕಂಡದ್ದು ಒಳಮುಖವಾಗಿ ತಿರುಗಿದ ಗುಡಿ. ನಾಲ್ಕೂ ಕಡೆಯ ಗೋಡೆಗಳಲ್ಲಿ ಗೂಡುಗಳು, ಗೂಡಿನ ತಲೆಯ ಮೇಲೆ ಪುಟ್ಟ ಪುಟ್ಟ ಶಿಖರಗಳು, ಅವುಗಳ ನಡುವೆ ಚೂಪಾಗಿ ಕಡೆದ ಅಂಚುಗಳು. ನೀರು ತುಂಬಿದಾಗ ಮುಳುಗಿಹೋಗುವ ಜಾಗಕ್ಕೂ ಶಿಲ್ಪಿ ಇಷ್ಟು ಮನಸ್ಸಿಟ್ಟು ಕೆಲಸ ಮಾಡಿದ್ದಾನೆ! ಆ ದಿನದ ಬೆರಗು ನನ್ನನ್ನು ಇನ್ನೂ ಬಿಟ್ಟುಹೋಗಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, "ಮ್ಯಾಲಿನ ಜೋಡಗಳಸದ ಗುಡಿ ನೋಡಿದ್ರೇನ್ರಿ?" ಎಂದು ಕೇಳಿ ತಾವೇ ಕರೆದುಕೊಂಡು ಹೋದರು. ಒಂದೇ ಮಂಟಪವನ್ನು ಹಂಚಿಕೊಂಡು ಎರಡು ಗರ್ಭಗುಡಿಗಳು ಎದುರುಬದುರು ನಿಂತಿವೆ. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದಲ್ಲಿ, 1060ರ ಸುಮಾರಿಗೆ, ದಂಡನಾಯಕ ನಾಗದೇವ ಕಟ್ಟಿಸಿದ್ದು. ಜನ ಬರುತ್ತಾರೆಯೇ ಎಂದೆ. "ಬರ್ತಾರ್ರಿ. ಬರ್ತಾರ, ನೋಡ್ತಾರ, ಫೋಟೊ ಹೊಡ್ಕೋತಾರ, ಬಾದಾಮಿಗೆ ಹೋಗ್ತಾರ. ಊರಾಗ ಚಾ ಸುದ್ದಾ ಕುಡಿಯಂಗಿಲ್ಲ" ಎಂದರು. ಅವರ ಮಾತಿನಲ್ಲಿ ದೂರಿರಲಿಲ್ಲ, ಊರಿನ ಹವಾಮಾನ ಹೇಳಿದಂತಿತ್ತು. ನನಗೆ ಮಾತ್ರ ಆ ಮಾತು ಚುಚ್ಚಿತು, ಏಕೆಂದರೆ ಸೂಡಿ ಒಂದು ಕಾಲಕ್ಕೆ ಹಣವನ್ನೇ ಹುಟ್ಟಿಸಿದ ಊರು.

ಕಲ್ಯಾಣ ಚಾಲುಕ್ಯರ ಮುಖ್ಯ ಟಂಕಸಾಲೆಗಳು ಎರಡು. ಒಂದು ಲಕ್ಕುಂಡಿ, ಇನ್ನೊಂದು ಈ ಸೂಡಿ. ಆ ಕಾಲದ ದೊಡ್ಡ ಚಿನ್ನದ ನಾಣ್ಯ ಗದ್ಯಾಣ, ತೂಕ 96 ಗ್ರೇನ್, ಅಂದರೆ ಇಂದಿನ ಲೆಕ್ಕದಲ್ಲಿ ಆರು ಗ್ರಾಮಿಗಿಂತ ತುಸು ಹೆಚ್ಚು. ಅದರ ಕೆಳಗೆ ದ್ರಮ್ಮ, 65 ಗ್ರೇನ್. ಪಣದ ತೂಕ 9.6 ಗ್ರೇನ್, ಗದ್ಯಾಣದ ಸರಿಯಾಗಿ ಹತ್ತನೇ ಒಂದು ಪಾಲು. ಇನ್ನೂ ಕೆಳಗೆ ಇಳಿದರೆ ಮಂಜಾಡಿ ಎರಡೂವರೆ ಗ್ರೇನ್, ಅಕ್ಕ ಬರೀ 1.25 ಗ್ರೇನ್. ನೂರು ಮಿಲಿಗ್ರಾಮೂ ಇಲ್ಲದ ಚಿನ್ನಕ್ಕೆ ಒಂದು ಹೆಸರು, ಒಂದು ಲೆಕ್ಕ! ಈ ಪಟ್ಟಿಯನ್ನು ನಾನು ಎಷ್ಟು ಸಲ ಓದಿದರೂ ದಣಿದಿಲ್ಲ. ಇಷ್ಟು ಸಣ್ಣ ತೂಕದವರೆಗೆ ಲೆಕ್ಕ ಇಳಿದಿದೆ ಎಂದರೆ ಅಲ್ಲಿ ದಿನಾ ಕೊಡುಕೊಳ್ಳುವಿಕೆ ನಡೆದಿರಲೇಬೇಕು. ಅಕ್ಕಸಾಲಿಗನ ತಕ್ಕಡಿ, ವ್ಯಾಪಾರಿಯ ಹೇರು, ಗುಡಿಗೆ ಬಿಟ್ಟ ದತ್ತಿ, ಎಲ್ಲವೂ ಆ ತೂಕಗಳ ಹಿಂದೆ ನಿಂತಿವೆ. ನಾಗಕುಂಡದ ಗೋಡೆಯ ಕುಸುರಿಗೆ ದುಡ್ಡು ಎಲ್ಲಿಂದ ಬಂತು ಎಂಬುದಕ್ಕೂ ಉತ್ತರ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಈ ಸೀಮೆ ಆಗ ಕಿಸುಕಾಡು ಎಪ್ಪತ್ತು ಎಂಬ ನಾಡು. ಅದನ್ನು ಆಳಿದವಳು ಚಾಲುಕ್ಯ ದೊರೆ ಎರಡನೇ ಜಯಸಿಂಹನ ಅಕ್ಕ, ಗುಣದ ಬೆಡಂಗಿ ಎನಿಸಿದ ಅಕ್ಕಾದೇವಿ. ಗೋಕಾಕದ ಕೋಟೆಗೆ ಸ್ವತಃ ಮುತ್ತಿಗೆ ಹಾಕಿದ ಹೆಣ್ಣುಮಗಳು. ಅವಳ ನಾಡನ್ನು ಒಂದು ಪುಟ್ಟ ದೇಶವೆಂದುಕೊಂಡು ನೋಡಿದರೆ ಪ್ರವಾಸೋದ್ಯಮದ ಲೆಕ್ಕ ಚೆನ್ನಾಗಿ ತಿಳಿಯುತ್ತದೆ. ಪುಟ್ಟ ದೇಶಗಳಲ್ಲಿ ಈ ಲೆಕ್ಕ ಈಗಾಗಲೇ ಆಗಿದೆ. ಮಾಲ್ಡೀವ್ಸ್‌ನಲ್ಲಿ ಮೊದಲ ರೆಸಾರ್ಟ್ ತೆರೆದದ್ದು 1972ರಲ್ಲಿ. ಇಂದು ಅದರ ಆರ್ಥಿಕತೆಯ ಕಾಲು ಭಾಗದಷ್ಟು ಪ್ರವಾಸಿಯಿಂದಲೇ ನೇರವಾಗಿ ಬರುತ್ತದೆ. ಆದರೆ ಅತಿಥಿಯ ತಟ್ಟೆಯಲ್ಲಿ ಮೀನೊಂದನ್ನು ಬಿಟ್ಟರೆ ಅಕ್ಕಿ, ತರಕಾರಿ, ಕೋಳಿ ಬಹುಮಟ್ಟಿಗೆ ಹೊರಗಿನವೇ. ಬಂದ ಡಾಲರಿನಲ್ಲಿ ದೊಡ್ಡ ಪಾಲು ಹಡಗು ಹತ್ತಿ ವಾಪಸು ಹೋಗುತ್ತದೆ. 1974ರಲ್ಲಿ ಬಾಗಿಲು ತೆರೆದ ಭೂತಾನ್ ಬೇರೆ ದಾರಿ ಹಿಡಿಯಿತು. ಅಲ್ಲಿ ಪ್ರವಾಸಿ ತಂಗುವ ಪ್ರತಿ ರಾತ್ರಿಗೂ ಸರ್ಕಾರಕ್ಕೆ ಶುಲ್ಕ ಕಟ್ಟಬೇಕು. 2022ರಲ್ಲಿ 200 ಡಾಲರಿಗೆ ಏರಿಸಿ, ಮರುವರ್ಷ 100ಕ್ಕೆ ಇಳಿಸಿದರು. ನಮ್ಮ ದೇಶದವರಿಗೆ ರಾತ್ರಿಗೆ 1,200 ರೂಪಾಯಿ.

ಎರಡು ದೇಶಗಳಿಂದಲೂ ನನಗೆ ತಿಳಿದದ್ದು ಒಂದೇ. ಪ್ರವಾಸಿಗರ ತಲೆ ಎಣಿಸಿ ಪ್ರಯೋಜನವಿಲ್ಲ, ರಾತ್ರಿ ಎಣಿಸಬೇಕು. ಸೂಡಿಗೆ ಹಗಲು ಬಂದು ಹೋಗುವ ಕಾರಿನ ಡೀಸೆಲ್ ಹುಬ್ಬಳ್ಳಿಯದು, ನೀರಿನ ಬಾಟಲಿ ಬೆಂಗಳೂರಿನದು. ಒಂದು ರಾತ್ರಿ ಉಳಿದರೆ ಕೋಣೆ ಬಾಡಿಗೆ, ರಾತ್ರಿಯ ಊಟ, ಬೆಳಗಿನ ನಾಷ್ಟಾ, ಟಂಟಂ ಗಾಡಿಯವನ ಬಾಡಿಗೆ, ದಾರಿ ತೋರಿಸಿದವನ ಕೂಲಿ, ಎಲ್ಲ ಇಲ್ಲಿಯವೇ. ಮಾಲ್ಡೀವ್ಸ್‌ಗೆ ಇಲ್ಲದ ಭಾಗ್ಯ ಸೂಡಿಯ ಸುತ್ತಿನ ರೋಣ-ನರಗುಂದ ಸೀಮೆಗೆ ಇದೆ. ಎರೆಹೊಲದ ಬಿಳಿಜೋಳ, ಕಡಲೆ, ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ ಎಲ್ಲ ಮನೆಬಾಗಿಲಲ್ಲೇ ಬೆಳೆಯುತ್ತವೆ. ಖಾನಾವಳಿಯ ಒಂದು ರೊಟ್ಟಿ ಊಟದ ದುಡ್ಡು ಹೊಲದವರೆಗೂ ಹೋಗಿ ಮುಟ್ಟಬಲ್ಲದು. ನಾನು ಹೋದ ದಿನ ಮಾತ್ರ ಊಟಕ್ಕೆ ಸೂಡಿಯಿಂದ ಗಜೇಂದ್ರಗಡಕ್ಕೇ ಬರಬೇಕಾಯಿತು.

ಗಜೇಂದ್ರಗಡದಲ್ಲಿ ಹಳೆಯ ಮಾದರಿಯ ಪ್ರವಾಸ ಗಟ್ಟಿಯಾಗಿ ನಡೆಯುತ್ತಿದೆ, ಕಾಲಕಾಲೇಶ್ವರನ ಹೆಸರಿನಲ್ಲಿ. ಬೆಟ್ಟದ ಓರೆಯ ಆ ಗುಡಿಯಲ್ಲಿ ಮರದ ಬೇರಿನೊಳಗಿಂದ ವರ್ಷವಿಡೀ ಜಿನುಗುವ ಅಂತರಗಂಗೆ ಇದೆ. ಯುಗಾದಿಯ ಹಿಂದಿನ ರಾತ್ರಿ ಸುಣ್ಣದ ಪಾತ್ರೆ, ಕುಂಚ, ಜೊತೆಗೊಂದು ಹುಕ್ಕಾ ಇಟ್ಟು ಬಂದರೆ ಬೆಳಗಾಗುವಷ್ಟರಲ್ಲಿ ಗುಡಿಗೆ ತಾನಾಗಿಯೇ ಸುಣ್ಣ ಬಳಿದಿರುತ್ತದೆ, ಹುಕ್ಕಾ ಸೇದಿದಂತಿರುತ್ತದೆ ಎನ್ನುತ್ತಾರೆ. ಬಣ್ಣ ನೋಡಿ ಮಳೆಯ ಭವಿಷ್ಯವನ್ನೂ ಹೇಳುತ್ತಾರೆ. ಸುಣ್ಣ ತಾನಾಗಿ ಬಳಿಯುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಆದರೆ ಮಳೆಯನ್ನೇ ನಂಬಿದ ರೈತ ವರ್ಷದ ಮೊದಲ ದಿನ ಇಲ್ಲಿಗೆ ಬರುವುದರಲ್ಲಿ ನನಗೆ ಪೂರ್ಣ ಗೌರವವಿದೆ. ಆ ಭಕ್ತ ಕಾಯಿ ಕೊಳ್ಳುತ್ತಾನೆ, ಮಂಡಕ್ಕಿ-ಮಿರ್ಚಿ ತಿನ್ನುತ್ತಾನೆ, ಮಕ್ಕಳಿಗೆ ಆಟಿಕೆ ಕೊಡಿಸುತ್ತಾನೆ, ಮುಂದಿನ ವರ್ಷ ಮತ್ತೆ ಬರುತ್ತಾನೆ. ಪ್ರವಾಸೋದ್ಯಮದ ಯೋಜನೆ ಬರೆಯುವವರು ಅವನನ್ನು ಪ್ರವಾಸಿಯೆಂದು ಮೊದಲು ಒಪ್ಪಿಕೊಳ್ಳಬೇಕು.

ಊರೊಳಗೆ ಮಗ್ಗಗಳಿವೆ. ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆ ದಪ್ಪ ಹತ್ತಿಯದು. ಮೈತುಂಬ ಚೌಕುಳಿ, ಅಗಲ ಅಂಚು, ಎರಡೂ ಮಗ್ಗುಲಲ್ಲಿ ಉಡಬಹುದು. ನಿಂತೇಹೋಗುವ ಹಂತಕ್ಕೆ ಬಂದಿದ್ದ ಈ ನೇಯ್ಗೆ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಜೀವ ಹಿಡಿದಿದೆ. ಬೆಟ್ಟದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿವೆ, ಅದೇ ಗುಡ್ಡಗಳಲ್ಲಿ ತೋಳಗಳೂ ಉಳಿದಿವೆ. 1787ರಲ್ಲಿ ಟಿಪ್ಪು ಮತ್ತು ಮರಾಠರ ನಡುವೆ ಒಪ್ಪಂದವಾದದ್ದು ಈ ಊರಿನ ಹೆಸರಿನಲ್ಲೇ.

ನರಗುಂದದ್ದು ಬೇರೆಯೇ ತೂಕ. 1858ರ ಮೇ 29ರಂದು ಸುರೇಬಾನದಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದ ನರಗುಂದದ ಅರಸ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಎರಡು ವಾರದಲ್ಲಿ ಒಂದು ಸಂಸ್ಥಾನವೇ ಮುಗಿಯಿತು. 1980ರ ರೈತ ಬಂಡಾಯವೂ ಇದೇ ನೆಲದ್ದು. ಈ ಎರಡೂ ಕಥೆಗಳನ್ನು ಗುಡ್ಡದ ಮೇಲೆ ನಿಂತು ಹೇಳುವ, ಅದಕ್ಕೆ ತಕ್ಕ ಸಂಬಳ ಪಡೆಯುವ ಹತ್ತು ಜನ ಯುವಕ-ಯುವತಿಯರು ಇರಬೇಕೆಂಬುದು ನನ್ನ ಆಸೆ. ರೋಣ ಪಟ್ಟಣದಲ್ಲಿ ರಾಷ್ಟ್ರಕೂಟರ ಕಾಲದ ಗುಡಿಗಳಿವೆ, ತಾಲ್ಲೂಕಿನ ಹೊಳೆಆಲೂರಿನಲ್ಲಿ ರೈಲು ನಿಲ್ಲುತ್ತದೆ. ಅದೇ ಹಳಿಯ ಮೇಲೆ ಮುಂದೆ ಬಾದಾಮಿ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲಿಗೆ ಬರುವವರು ಇಲ್ಲಿಂದ ದೂರದಲ್ಲೇನೂ ಇಲ್ಲ.

ದೊಡ್ಡ ಹೋಟೆಲು ಬರಲಿ ಎಂದು ಕಾಯುವ ಅಗತ್ಯ ನನಗೆ ಕಾಣುವುದಿಲ್ಲ. ಸೂಡಿಯಲ್ಲಿ ನಾಲ್ಕಾರು ಮನೆಗಳು ಅತಿಥಿಗೆ ಒಂದೊಂದು ಕೋಣೆ ತೆರೆಯುವಂತೆ ಪಂಚಾಯ್ತಿ ನೆರವಾಗಲಿ, ಶುಚಿಯಾದ ಶೌಚಾಲಯ ಕಟ್ಟಿಸಲಿ, ಸಂಜೆ ಗಜೇಂದ್ರಗಡಕ್ಕೆ ಒಂದು ಬಸ್ಸು ಖಾತ್ರಿಯಾಗಿ ಇರಲಿ. ಅಷ್ಟಾದರೆ ಕೆಲಸ ಶುರುವಾಗುತ್ತದೆ. ಓದುಗರೇ, ಮುಂದಿನ ಸಲ ಬಾದಾಮಿಗೆ ಹೊರಟಾಗ ಒಂದು ರಾತ್ರಿಯನ್ನು ಗಜೇಂದ್ರಗಡಕ್ಕೆ ತೆಗೆದಿಡಿ. ನಾಗಕುಂಡಕ್ಕೆ ಇಳಿದು ನೋಡಿ, ಊರಿನ ಅಂಗಡಿಯಲ್ಲಿ ಚಹಾ ಕುಡಿಯಿರಿ, ಸೀರೆ ಬೇಕಿದ್ದರೆ ಮಗ್ಗದ ಮನೆಯಲ್ಲೇ ಕೊಳ್ಳಿರಿ.